ಗೊರಕೆಗೆ ಹಲ್ಲಿನ ಸಾಧನ: ನನ್ನ ಅನುಭವ

"ನಡುರಾತ್ರಿ ನಿಮ್ಮ ಉಸಿರು ನಿಂತಂಗ ಆಗತೈತ್ರಿ" ಅಂತ ಹೆಂಡತಿ ಹೇಳಿದ್ದೇ ತಡ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿದೆ. ಮೊದಲು ಸ್ಲೀಪ್ ಸ್ಟಡಿ ಮಾಡಿಸಿದರು. ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ, ಕುಗ್ಗುತ್ತದೆ ಅನ್ನೋ ಲೆಕ್ಕ ಅದರಲ್ಲಿ ಸಿಗುತ್ತದೆ. 5ರಿಂದ 15ರ ಒಳಗಿದ್ದರೆ ಸೌಮ್ಯ, 30 ದಾಟಿದರೆ ತೀವ್ರ. ತೀವ್ರವಾಗಿದ್ದರೆ ಸಾಮಾನ್ಯವಾಗಿ ಮೊದಲು ಸಿಪ್ಯಾಪ್ ಮಷಿನ್ನೇ, ಅಂದರೆ ಮಲಗಿದಾಗ ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ. ನನ್ನದು ಸೌಮ್ಯ. ದಯವಿಟ್ಟು ಈ ಪರೀಕ್ಷೆ ಬಿಟ್ಟು ಆನ್‌ಲೈನಲ್ಲಿ ಸುಮ್ನೆ ಏನನ್ನೋ ತರಿಸಬೇಡಿ.

ದಂತವೈದ್ಯರು ಮೇಲಿನ, ಕೆಳಗಿನ ಹಲ್ಲುಗಳ ಅಚ್ಚು ತೆಗೆದು ಸಾಧನ ಮಾಡಿಸಿಕೊಟ್ಟರು. ಅದು ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುತ್ತದೆ. ಆಗ ನಾಲಿಗೆ ಗಂಟಲ ಕಡೆ ಜಾರೋದಿಲ್ಲ, ಗಾಳಿಗೆ ದಾರಿ ಸಿಗುತ್ತದೆ. ಪಕ್ಕದಲ್ಲಿ ಪುಟ್ಟ ಸ್ಕ್ರೂ ಇದೆ. ಸಣ್ಣ ಕೀಲಿ ಹಾಕಿ ಅವರು ಹೇಳಿದಷ್ಟೇ ತಿರುಗಿಸಬೇಕು, ಅವಸರ ಬೇಡ.

ಶುರುವಿನಲ್ಲಿ ದಿಂಬೆಲ್ಲ ಜೊಲ್ಲು. ಬೆಳಿಗ್ಗೆ ದವಡೆ ಬಿಗಿ, ಹಲ್ಲು ಒಂದಕ್ಕೊಂದು ಕೂಡುತ್ತಿರಲಿಲ್ಲ, ಕಟಕ್ ರೊಟ್ಟಿ ಅಗಿಯೋದು ಕಷ್ಟ. ಬರಬರುತ್ತಾ ಅದು ಸರಿಹೋಯಿತು. ಗೊರಕೆ ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಮಧ್ಯಾಹ್ನದ ತೂಕಡಿಕೆ ಹೋಗಿದೆ. ನನಗೆ ಅದೇ ದೊಡ್ಡ ಸಮಾಧಾನ.

ಸಾಧನವನ್ನು ಬ್ರಶ್ಶಿನಿಂದ ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರಿಗೆ ಆಕಾರ ಕೆಡುತ್ತದೆ. ವರ್ಷಗಟ್ಟಲೆ ಹಾಕಿದರೆ ಹಲ್ಲು ಸ್ವಲ್ಪ ಸರಿಯಬಹುದು, ಹಾಗಾಗಿ ಆಗಾಗ ತೋರಿಸುತ್ತಿರಿ.