ಮೊದಲು ಟ್ಯಾಲಿ ಪುಸ್ತಕ, ಆಮೇಲೆ ಆ್ಯಪ್

ಹನ್ನೊಂದು ವರ್ಷ ನಾನು ಹಡಗಿನ ಹ್ಯಾಚ್ (ಸರಕು ಇಳಿಸುವ, ಏರಿಸುವ ಬಾಯಿ) ಪಕ್ಕ ನಿಂತು ಸರಕು ಎಣಿಸಿದವನು. ನಾಲ್ಕು ಉದ್ದಗೀಟು, ಐದನೆಯದಕ್ಕೆ ಅಡ್ಡಗೀಟು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್, ಮಳೆ ಬಂದರೆ ಅಂಗಿಯೊಳಗೆ ಸೇರುವ ಟ್ಯಾಲಿ ಪುಸ್ತಕ, ಅಂದರೆ ಎಣಿಕೆಯ ಪುಸ್ತಕ. ಆಮೇಲೆ ಶಿಫ್ಟ್ ಉಸ್ತುವಾರಿ ಆದೆ. ಈಗ ಬಂದರಿನ ಟರ್ಮಿನಲ್‌ಗಳನ್ನು ಕಾಗದದಿಂದ ಫೋನಿಗೆ ದಾಟಿಸುವ ಕೆಲಸ. ಕಂಟೈನರ್ ಮಾತ್ರ ಬರುವ ಕಡೆ ಇದು ಹೆಚ್ಚುಕಮ್ಮಿ ಬಗೆಹರಿದ ಲೆಕ್ಕ. ಇವತ್ತು ಸ್ಟೀಲ್ ಕಾಯಿಲ್ (ಉಕ್ಕಿನ ತಗಡಿನ ಸುರುಳಿ), ನಾಳೆ ಗೊಬ್ಬರ, ನಾಡಿದ್ದು ಗಾಳಿಯಂತ್ರದ ರೆಕ್ಕೆ, ನಡುವೆ ಒಂದು ನಲವತ್ತು ಕಂಟೈನರ್ ಬರುವ ಜಾಗದ ಕಥೆ ಬೇರೆ. ಅಂಥ ಟರ್ಮಿನಲ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾನೇ ಎಡವಿದೆ. ಕಂಟೈನರ್‌ಗೆಂದೇ ಮಾಡಿದ ಸಾಫ್ಟ್‌ವೇರ್ ತಂದಿದ್ದೆವು. ಸ್ಟೀಲ್ ಪ್ಲೇಟ್ ತುಂಬಿದ ಹಡಗು ಬಂತು. ಪರದೆ ಕಂಟೈನರ್ ನಂಬರ್ ಕೇಳಿತು. ನಂಬರ್ ಕೊಡದೆ ಮುಂದಕ್ಕೆ ಹೋಗುವುದಿಲ್ಲ. ರಾತ್ರಿ ಪಾಳಿಯ ಹುಡುಗರು ಏನು ಮಾಡಬೇಕು? ಮನಸ್ಸಿಗೆ ಬಂದ ನಂಬರ್ ಹೊಡೆದು, ಸಾಫ್ಟ್‌ವೇರ್ ಒಪ್ಪುವವರೆಗೆ ಕೊನೆಯ ಅಂಕಿಯನ್ನು 0ರಿಂದ 9ರವರೆಗೆ ಒತ್ತಿ ನೋಡಿದರು. ತಿಂಗಳ ಕೊನೆಗೆ ಸರಕು ಇಡುವ ಯಾರ್ಡ್‌ನಲ್ಲಿ ಇಲ್ಲದ 63 ಕಂಟೈನರ್ ಕಂಪ್ಯೂಟರ್‌ನಲ್ಲಿ ಕೂತಿದ್ದವು. ಅವುಗಳ ಜಾಗದ ಬಾಡಿಗೆಗೆ ಬಿಲ್ ಕೂಡ ಹೋಗಿತ್ತು. ನಾನು ಹುಡುಗರನ್ನು ಬೈದೆ. ತಪ್ಪು ನನ್ನದು ಅಂತ ಗೊತ್ತಾಗಲು ಇನ್ನೊಂದು ಹಡಗು ಬೇಕಾಯಿತು.

ಕಂಟೈನರ್ ತನ್ನ ಹೆಸರನ್ನು ತಾನೇ ಹೊತ್ತು ತರುತ್ತದೆ. ಐಎಸ್‌ಒ 6346 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಒಂದು ತಾಳೆ ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಪ್ರತಿ ಸ್ಥಾನಕ್ಕೂ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗುವ ಗುಣಕ ಇದೆ. ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಉಳಿಯುವುದೇ ಕೊನೆಯ ಅಂಕಿ. ಶೇಷ 10 ಬಂದರೆ 0. ಸಿಎಸ್‌ಕ್ಯೂಯು 305438 ಎಂಬುದಕ್ಕೆ ತಾಳೆ ಅಂಕಿ 3. ಅವಸರದಲ್ಲಿ 305348 ಅಂತ ಹೊಡೆದರೆ ಲೆಕ್ಕ 0 ಕೊಡುತ್ತದೆ, ಫೋನು ಅಲ್ಲೇ ತಡೆಯುತ್ತದೆ. ಇಂಥ ಕಾವಲು ಮರದ ಹಲಗೆಯ ಕಟ್ಟಿಗೆ ಇಲ್ಲ. ಪೈಪಿಗೆ ಇಲ್ಲ. ಗೊಬ್ಬರದ ರಾಶಿಗೆ ಹೆಸರೇ ಇಲ್ಲ. ಬಗೆಬಗೆಯ ಸರಕಿನ ಟರ್ಮಿನಲ್‌ನ ಎಲ್ಲ ತಲೆನೋವು ಇಲ್ಲಿಂದಲೇ ಶುರು.

ಒಂದು ವಾರ ಕೊಳ್ಳಬೇಡಿ

ಮಾರಾಟಗಾರರು ಬಂದು ಪರದೆ ತೋರಿಸುವ ಮೊದಲು ಒಂದು ವಾರ ಹ್ಯಾಚ್ ಪಕ್ಕ ನಿಲ್ಲಿ. ಅದರಲ್ಲಿ ಎರಡಾದರೂ ರಾತ್ರಿ ಪಾಳಿ ಇರಲಿ. ಚಾಲ್ತಿಯಲ್ಲಿರುವ ಕಾಗದಗಳನ್ನೆಲ್ಲ ಒಂದೊಂದು ಪ್ರತಿ ತೆಗೆದುಕೊಳ್ಳಿ: ಟ್ಯಾಲಿ ಹಾಳೆ, ಹಾನಿಯ ವರದಿ, ಗೇಟ್ ಪಾಸ್, ಲಾರಿ ತೂಗುವ ವೇಬ್ರಿಡ್ಜ್ ಚೀಟಿ, ಪಾಳಿ ಮುಗಿದಾಗ ಫೋರ್‌ಮನ್ ಬರೆಯುವ ಪುಟ. ಮೇಜಿನ ಮೇಲೆ ಹರಡಿ ಪ್ರತಿ ಕಾಲಮ್‌ಗೂ ಒಂದೇ ಪ್ರಶ್ನೆ ಕೇಳಿ. ಇದನ್ನು ಓದುವವರು ಯಾರು?

ನಮ್ಮ ಟ್ಯಾಲಿ ಹಾಳೆಯಲ್ಲಿ 'ಗಾಳಿಯ ದಿಕ್ಕು' ಅಂತ ಒಂದು ಕಾಲಮ್ ಇತ್ತು. ನಾನೇ 11 ವರ್ಷ ತುಂಬಿದ್ದೆ. ಒಬ್ಬರೂ ಓದುತ್ತಿರಲಿಲ್ಲ. ಅದನ್ನು ಆ್ಯಪ್‌ಗೂ ತಂದಿದ್ದರೆ ಪ್ರತಿ ಪಾಳಿಗೂ ಸುಮ್ನೆ ಇನ್ನೊಂದು ಕಿರಿಕಿರಿ. ಆದರೆ ಹಾಳೆಯ ಅಂಚಿನಲ್ಲಿ ಕ್ಲರ್ಕುಗಳು ತಾವಾಗೇ ಗೀಚುವ ಟಿಪ್ಪಣಿ ಇರುತ್ತದಲ್ಲ, 'ಮಳೆ 2.10ರಿಂದ 2.50', 'ಕ್ರೇನ್ ನಿಂತಿತು', ಅದಕ್ಕೆ ಕಾಲಮ್ ಇರಲಿಲ್ಲ. ಹಡಗಿನವರ ಜೊತೆ ಸಮಯದ ಜಗಳ ಬಂದಾಗ ಎಲ್ಲರೂ ಹುಡುಕುವುದು ಆ ಗೀಚನ್ನೇ. ಹೊಸ ಪರದೆಯಲ್ಲಿ 'ಕೆಲಸ ನಿಂತಿತು', 'ಶುರುವಾಯಿತು' ಎಂಬ ಎರಡು ಗುಂಡಿ ಮೊದಲು ಬಂದವು.

ಒಂದು ಅಂದರೆ ಎಷ್ಟು?

ಇದನ್ನು ತೀರ್ಮಾನಿಸದೆ ಯಾವ ಸಾಫ್ಟ್‌ವೇರ್ ತಂದರೂ ದುಡ್ಡು ದಂಡ. ನಿಮ್ಮ ಟರ್ಮಿನಲ್‌ಗೆ ಬರುವ ಒಂದೊಂದು ಸರಕಿಗೂ 'ಒಂದು' ಅಂದರೆ ಏನು ಅಂತ ಬರೆದಿಡಿ. ಕಾರ್ಯಾಚರಣೆಯವರು, ಬಿಲ್ಲಿನವರು, ಗೇಟಿನವರು ಒಂದೇ ಕೋಣೆಯಲ್ಲಿ ಕೂತು ಬರೆಯಬೇಕು. ನಮ್ಮಲ್ಲಿ ಇದಕ್ಕೆ ನಾಲ್ಕು ದಿನ ಹಿಡಿಯಿತು, ಎರಡು ಸಲ ಕೂಗಾಟವೂ ಆಯಿತು.

ಸ್ಟೀಲ್ ಕಾಯಿಲ್ ಸುಲಭ. ಪ್ರತಿಯೊಂದಕ್ಕೂ ಕಾರ್ಖಾನೆ ಕೊಟ್ಟ ನಂಬರ್ ಇರುತ್ತದೆ, ಆದ್ದರಿಂದ ಒಂದು ಕಾಯಿಲ್ ಒಂದು ದಾಖಲೆ. ಆದರೆ ಚೀಟಿ ಹರಿದಿರಬಹುದು, ಬಣ್ಣದಲ್ಲಿ ಬರೆದ ನಂಬರ್ ಮಾಸಿರಬಹುದು. 'ನಂಬರ್ ಓದಲಾಗಲಿಲ್ಲ' ಎಂಬ ಆಯ್ಕೆ ಕೊಡಿ, ಜೊತೆಗೆ ಫೋಟೊ ಕಡ್ಡಾಯ ಮಾಡಿ. ಇಲ್ಲದಿದ್ದರೆ ನನ್ನ 63 ಕಂಟೈನರ್ ಕಥೆ ನಿಮ್ಮಲ್ಲೂ ನಡೆಯುತ್ತದೆ.

ಚೀಲ ಬಂದಾಗ ಯಾರೂ ಚೀಲ ಎಣಿಸುವುದಿಲ್ಲ, ಸ್ಲಿಂಗ್ (ಕ್ರೇನ್ ಒಂದು ಸಲಕ್ಕೆ ಎತ್ತುವ ಕಟ್ಟು) ಎಣಿಸುತ್ತಾರೆ. ಒಂದು ಸ್ಲಿಂಗ್‌ಗೆ 50 ಕೆಜಿಯ 40 ಚೀಲ, ಅಂದರೆ 2 ಟನ್. ಪರದೆ ಸ್ಲಿಂಗನ್ನೇ ಕೇಳಲಿ, ಗುಣಾಕಾರ ಅದೇ ಮಾಡಲಿ. ಕೊನೆಯ ಸ್ಲಿಂಗ್‌ನಲ್ಲಿ 27 ಚೀಲ ಇದ್ದರೆ ಅದನ್ನು ತಿದ್ದುವ ದಾರಿ ಇರಲಿ. ಹರಿದ ಚೀಲಕ್ಕೆ ಬೇರೆ ಗುಂಡಿ.

ಮರ ಬಂದಾಗ ನಿಜವಾದ ಪರೀಕ್ಷೆ. ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಹಡಗಿನ ಸರಕಿನ ವಿವರದ ಕಾಗದದಲ್ಲಿ, ಬಂಡಲ್ ಲೆಕ್ಕ ಇರುತ್ತದೆ. ಹೋಲ್ಡ್‌ನಲ್ಲಿ, ಅಂದರೆ ಸರಕು ತುಂಬುವ ಹಡಗಿನ ಒಡಲಿನಲ್ಲಿ, ಕಟ್ಟಿದ ಪಟ್ಟಿ ಹರಿದು ಬಂಡಲ್ ಬಿಚ್ಚಿಕೊಳ್ಳುತ್ತದೆ. ಆಗ ಅದು ಬಂಡಲ್ಲೋ, 86 ಹಲಗೆಯೋ? ಒಂದು ಕಡೆ ಕ್ಲರ್ಕ್ '0.5 ಬಂಡಲ್' ಅಂತ ಹಾಕಿದ್ದ. ತಮಾಷೆಯಲ್ಲ, ಆತನಿಗೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ಮಾರಾಟಗಾರರಿಗೆ ಮೊದಲ ದಿನವೇ ಹೇಳಿ: ನನ್ನ ಎದುರಿಗೆ ಒಂದು ಬಂಡಲ್ ಒಡೆದು ತೋರಿಸಿ. ಹಳೆಯ ದಾಖಲೆ ಅಳಿಯಬಾರದು, ಅದರಿಂದ ಬಿಡಿ ಹಲಗೆಗಳು ಹುಟ್ಟಬೇಕು, ಎರಡಕ್ಕೂ ಒಂದೇ ಬಿಲ್ ಆಫ್ ಲೇಡಿಂಗ್ (ಸರಕನ್ನು ಹಡಗಿಗೆ ಒಪ್ಪಿಸಿದ್ದಕ್ಕೆ ಕೊಡುವ ರಸೀದಿ) ನಂಟು ಉಳಿಯಬೇಕು. ಬಹಳಷ್ಟು ಜನ ಇಲ್ಲಿ ತಡವರಿಸುತ್ತಾರೆ.

ಇನ್ನು ರಾಶಿ ಸರಕು. ಕಲ್ಲಿದ್ದಲು, ಕಾಳು, ಗೊಬ್ಬರ. ಎಣಿಕೆ ಇಲ್ಲ, ತೂಕ ಮಾತ್ರ. ಅದೂ ಒಂದಲ್ಲ, ಮೂರು: ಬಿಲ್ ಆಫ್ ಲೇಡಿಂಗ್‌ನ ತೂಕ, ಹಡಗು ಎಷ್ಟು ಮುಳುಗಿದೆ ಎಂದು ನೋಡಿ ತೆಗೆಯುವ ಡ್ರಾಫ್ಟ್ ಸರ್ವೆ ತೂಕ, ಲಾರಿಗಳ ವೇಬ್ರಿಡ್ಜ್ ತೂಕ. ಮೂರೂ ಒಂದೇ ಬರುವುದಿಲ್ಲ. ಡ್ರಾಫ್ಟ್ ಸರ್ವೆಯಲ್ಲಿ ಶೇಕಡಾ ಅರ್ಧದಷ್ಟು ಹೆಚ್ಚುಕಡಿಮೆ ಮಾಮೂಲಿ. 30,000 ಟನ್ ಹಡಗಿಗೆ ಅದೇ 150 ಟನ್ ಆಯಿತು. ಮೂರು ತೂಕಕ್ಕೂ ಮೂರು ಜಾಗ ಕೊಡಿ. ಯಾವುದರ ಮೇಲೆ ಬಿಲ್ ಅಂತ ಒಪ್ಪಂದದಲ್ಲಿ ಇರುವಂತೆ ಗುರುತು ಹಾಕಿ. ಒಂದನ್ನು ಇನ್ನೊಂದಕ್ಕೆ ಸರಿಹೊಂದಿಸುವ 'ಅಡ್ಜಸ್ಟ್' ಗುಂಡಿ ಇದ್ದರೆ ಅದನ್ನು ತೆಗೆಸಿಬಿಡಿ. ಅದು ಇದ್ದಲ್ಲಿ ಯಾರೋ ಒಬ್ಬರು ಒತ್ತಿಯೇ ಒತ್ತುತ್ತಾರೆ.

ಗಾಳಿಯಂತ್ರದ ರೆಕ್ಕೆಯಂಥ ದೊಡ್ಡ ಸರಕಿಗೆ ತೂಕಕ್ಕಿಂತ ಅಳತೆ ಮುಖ್ಯ. ತೂಕದ ಟನ್, ಘನ ಮೀಟರ್ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ ಹಾಕುವ ಪದ್ಧತಿ ಇದೆಯಲ್ಲ, ಅದನ್ನು ಸಾಫ್ಟ್‌ವೇರ್ ತಾನಾಗೇ ಲೆಕ್ಕ ಹಾಕಬೇಕು. ಯಾರ್ಡ್‌ನ ನಕ್ಷೆಯೂ ಹಾಗೇ. ಕಂಟೈನರ್‌ಗೆ ಸಾಲು, ಅಂಕಣ, ಮಹಡಿ ಸಾಕು. ರೆಕ್ಕೆಗೆ ನೆಲದ ಮೇಲೆ ಬೇಕಾದ ಆಕಾರ ಗೀಚಲು ಬರಬೇಕು.

ಫೋನು ಹಿಡಿಯುವ ಕೈ

ಹೋಲ್ಡ್ ಅಂದರೆ ಉಕ್ಕಿನ ಬಾವಿ. ಕೆಳಗಿಳಿದರೆ ಸಿಗ್ನಲ್ ಇಲ್ಲ. ಯಾರ್ಡ್‌ನಲ್ಲಿ ವೈಫೈ ಚೆನ್ನಾಗಿದೆ ಅಂತ ಸೋಮವಾರ ಅಳೆದರೆ, ಬುಧವಾರ ನಡುವೆ ಕಂಟೈನರ್ ಗೋಡೆ ಎದ್ದಿರುತ್ತದೆ. ಆದ್ದರಿಂದ ಆ್ಯಪ್ ನೆಟ್‌ವರ್ಕ್ ಇಲ್ಲದೆ ಇಡೀ ಪಾಳಿ ನಡೆಯಬೇಕು. ಪರೀಕ್ಷೆ ಸರಳ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, 200 ಎಣಿಕೆ ಮಾಡಿ, ಬ್ಯಾಟರಿ ಖಾಲಿಯಾಗಿ ಫೋನು ಆರುವವರೆಗೆ ಬಿಡಿ, ಚಾರ್ಜ್ ಮಾಡಿ, ನೆಟ್‌ವರ್ಕ್ ಕೊಡಿ. ಸರ್ವರ್‌ನಲ್ಲಿ 200 ಬಂದರೆ ಮಾತು ಮುಂದುವರಿಸಿ. 199 ಅಥವಾ 201 ಬಂದರೆ ಮಾರಾಟಗಾರರಿಗೆ ಕಾಫಿ ಕುಡಿಸಿ ಕಳಿಸಿ.

ಗಡಿಯಾರದ ತಕರಾರು ಇನ್ನೊಂದು. ಎಣಿಸಿದ ಹೊತ್ತು, ಸರ್ವರ್ ಮುಟ್ಟಿದ ಹೊತ್ತು ಎರಡನ್ನೂ ಬೇರೆಬೇರೆಯಾಗಿ ಉಳಿಸಬೇಕು. ಇಲ್ಲದಿದ್ದರೆ ರಾತ್ರಿ ಪಾಳಿಯ ಕೆಲಸವೆಲ್ಲ ಬೆಳಗಿನ ಪಾಳಿಯ ಹೆಸರಿಗೆ ಹೋಗುತ್ತದೆ. ಆಗ ಏಳುವ ಜಗಳ ಸಾಫ್ಟ್‌ವೇರ್‌ನ ಜಗಳ ಆಗಿರುವುದಿಲ್ಲ.

ಕೈಗವಸು ಹಾಕಿಕೊಂಡೇ ಒತ್ತಿ ನೋಡಿ. ನಡುಮಧ್ಯಾಹ್ನದ ಬಿಸಿಲಲ್ಲಿ ಓದಿ ನೋಡಿ. ಐಪಿ67 ಅಥವಾ ಅದಕ್ಕಿಂತ ಮೇಲಿನ ಫೋನು ಇರಲಿ. ಐಪಿ67 ಅಂದರೆ ದೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆದರೆ ಅದು ಬೆಂಕಿಯ ವಿಷಯ ಹೇಳುವುದಿಲ್ಲ. ಕಾಳು, ಗಂಧಕ, ಕಲ್ಲಿದ್ದಲಿನ ದೂಳು ಗಾಳಿಯಲ್ಲಿ ದಟ್ಟವಾದರೆ ಕಿಡಿ ತಗುಲಿ ಸ್ಫೋಟಿಸಬಲ್ಲದು. ಅಂಥ ಜಾಗಕ್ಕೆಂದೇ ಪ್ರಮಾಣಪತ್ರ ಪಡೆದ ಫೋನು ಬೇಕು, ಮಾಮೂಲಿ ಫೋನು ಒಳಗೆ ಹೋಗಲೇಬಾರದು. ಇದನ್ನು ಸುರಕ್ಷತೆಯವರ ಜೊತೆ ಕೂತು ಜಾಗ ಜಾಗಕ್ಕೆ ಗುರುತಿಸಿ. ಇನ್ನೊಂದು ನಿಯಮ ನಾನೇ ಮಾಡಿದ್ದು: ಕ್ರೇನ್‌ಗೆ ನೇತಾಡುವ ಸರಕಿನ ಹತ್ತಿರ ಪರದೆ ನೋಡುವಂತಿಲ್ಲ. ಟ್ಯಾಲಿಯವನು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಹಳದಿ ಚೌಕ ಬಳಿಸಿದೆ. ಕಾಗದದ ಕಾಲದಲ್ಲಿ ಕಣ್ಣು ಮೇಲಿರುತ್ತಿತ್ತು, ಫೋನು ಕಣ್ಣನ್ನು ಕೆಳಗೆ ಎಳೆಯುತ್ತದೆ.

ಪರದೆಯಲ್ಲಿ ಒಂದು ದೊಡ್ಡ ಗುಂಡಿ, ಹೆಬ್ಬೆರಳಿಗೆ ಸಿಗುವಂತೆ. ಒತ್ತಿದರೆ ಒಂದು ಸ್ಲಿಂಗ್. ಒತ್ತಿದಾಗ ಫೋನು ನಡುಗಲಿ, ಕ್ರೇನ್ ಸದ್ದಿನಲ್ಲಿ ಬೀಪ್ ಕೇಳಿಸುವುದಿಲ್ಲ. ತಪ್ಪಾಗಿ ಒತ್ತಿದ್ದನ್ನು ವಾಪಸ್ ತೆಗೆಯುವ ದಾರಿ ಇರಲಿ, ತೆಗೆದದ್ದರ ಗುರುತೂ ಉಳಿಯಲಿ. ಹಾನಿ ಕಂಡರೆ ಮೊದಲು ಫೋಟೊ, ವಿವರ ಆಮೇಲೆ. ಕೊಕ್ಕೆ ಇಳಿದು ಸರಕು ಲಾರಿಗೆ ಹೋದ ಮೇಲೆ ಹಾನಿ ಎಲ್ಲಿ ಆಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ.

ಮೊದಲ ಹಡಗು

ಬೇಸರ ತರಿಸುವ ಸರಕನ್ನೇ ಆರಿಸಿ. ಕಾಯಿಲ್ ಒಳ್ಳೆಯದು. ದೊಡ್ಡ ಯಂತ್ರಗಳ ಹಡಗಿನಲ್ಲಿ ಶುರು ಮಾಡಿ ಫೋಟೊ ತೆಗೆಸಿಕೊಳ್ಳುವ ಆಸೆ ಮೇಲಿನವರಿಗೆ ಇರುತ್ತದೆ, ಒಪ್ಪಬೇಡಿ. ಕಾಗದವನ್ನೂ ಜೊತೆಗೆ ನಡೆಸಿ, ಆದರೆ ಮೂರು ಹಡಗಿಗೆ ಮಾತ್ರ. ನಾವು ಒಂದು ಕಡೆ ಮೂರು ತಿಂಗಳು ನಡೆಸಿದೆವು. ಕ್ಲರ್ಕುಗಳು ಕಾಗದದಲ್ಲಿ ಎಣಿಸಿ, ಪಾಳಿ ಮುಗಿದಾಗ ಕ್ಯಾಂಟೀನಿನಲ್ಲಿ ಕೂತು ಒಟ್ಟಿಗೆ ಫೋನಿಗೆ ಹೊಡೆಯುತ್ತಿದ್ದರು. ಲೆಕ್ಕ ಎರಡೂ ಕಡೆ ಸರಿಯಾಗಿ ಕೂಡುತ್ತಿತ್ತು. ಕೂಡದೆ ಏನು?

ಕಲಿಸುವವರನ್ನು ಕಚೇರಿಯಿಂದ ತರಬೇಡಿ. ಎಲ್ಲರಿಗಿಂತ ಜಾಸ್ತಿ ಗೊಣಗುವ ಹಿರಿಯ ಟ್ಯಾಲಿ ಕ್ಲರ್ಕ್ ಯಾರು ಅಂತ ವಿಚಾರಿಸಿ. ಆತನ ಗೊಣಗಾಟದಲ್ಲಿ ಮುಕ್ಕಾಲು ಭಾಗ ನಿಜ ಇರುತ್ತದೆ. ಆತನಿಗೆ ಮೊದಲ ಫೋನು ಕೊಡಿ, ಆತ ಹೇಳಿದ ಎರಡು ಬದಲಾವಣೆಯನ್ನಾದರೂ ಮುಂದಿನ ಹಡಗಿನ ಒಳಗೆ ಮಾಡಿ ತೋರಿಸಿ. ಮಿಕ್ಕವರು ಆತನನ್ನು ನೋಡಿ ಬರುತ್ತಾರೆ. 'ನಾವು ಎಲ್ಲಿ ನಿಂತಿದ್ದೇವೆ ಅಂತ ಇದು ನೋಡುತ್ತಾ?' ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ತೀರ್ಮಾನಿಸಿ, ನಿಜ ಹೇಳಿ. ಜಾಗ ದಾಖಲಾಗುತ್ತದೆ ಅಂದರೆ ಯಾಕೆ, ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ ಅಂತಲೂ ಹೇಳಿ.

ಗೇಟು, ವೇಬ್ರಿಡ್ಜ್ ಬಗ್ಗೆ ಒಂದೇ ಮಾತು. ತೂಕದ ಯಂತ್ರದಿಂದ ಅಂಕಿ ನೇರವಾಗಿ ಸಾಫ್ಟ್‌ವೇರ್‌ಗೆ ಬರಲಿ, ಮನುಷ್ಯ ನಡುವೆ ಟೈಪ್ ಮಾಡುವುದು ಬೇಡ. ಹೊರಗಿನವರ ಜೊತೆ ಮಾಹಿತಿ ಹಂಚಿಕೊಳ್ಳುವುದು ಹೇಗೂ ತಪ್ಪುವುದಿಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿಯಮದಂತೆ ಹಡಗಿನ ಕಾಗದಪತ್ರಕ್ಕೆ ಏಕಗವಾಕ್ಷಿ ವ್ಯವಸ್ಥೆ (ಎಲ್ಲವನ್ನೂ ಒಂದೇ ಕಡೆ ಡಿಜಿಟಲ್ ಆಗಿ ಸಲ್ಲಿಸುವುದು) 2024ರ ಜನವರಿ 1ರಿಂದ ಕಡ್ಡಾಯ. ರಫ್ತಿನ ಕಂಟೈನರ್‌ಗೆ ತೂಕ ಖಚಿತಪಡಿಸದೆ ಹಡಗು ಹತ್ತಿಸುವಂತಿಲ್ಲ ಎಂಬ ನಿಯಮ 2016ರ ಜುಲೈ 1ರಿಂದಲೇ ಇದೆ. ಇವೆರಡನ್ನೂ ಒಪ್ಪಂದಕ್ಕೆ ಸೇರಿಸಿ. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋಗುವುದಾದರೆ ನಮ್ಮ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡುತ್ತೀರಿ ಅಂತಲೂ ಬರೆಸಿಕೊಳ್ಳಿ.

ಎಲ್ಲ ನಿಂತ ದಿನ

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ವೈರಸ್ ಹರಡಿದಾಗ ಮೇರ್ಸ್ಕ್‌ನಂಥ ದೈತ್ಯ ಹಡಗು ಕಂಪನಿಯೇ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅದರ ಟರ್ಮಿನಲ್‌ಗಳ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು. ನಿಮ್ಮ ಸರ್ವರ್ ಎಂದೂ ನಿಲ್ಲುವುದಿಲ್ಲ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಖಾಲಿ ಟ್ಯಾಲಿ ಹಾಳೆಯ ಕಟ್ಟು, ಪೆನ್ಸಿಲ್, ಆ ದಿನದ ಯಾರ್ಡ್ ಪಟ್ಟಿಯ ಮುದ್ರಿತ ಪ್ರತಿ, ಇವು ಪ್ರತಿ ಪಾಳಿಗೂ ಒಂದು ಪೆಟ್ಟಿಗೆಯಲ್ಲಿ ಇರಲಿ. ಆರು ತಿಂಗಳಿಗೊಮ್ಮೆ ಬೇಕಂತಲೇ ಎರಡು ಗಂಟೆ ಆ್ಯಪ್ ನಿಲ್ಲಿಸಿ, ಆ ಪೆಟ್ಟಿಗೆ ತೆರೆಸಿ. ಕಾಗದದಲ್ಲಿ ಎಣಿಸಿದ್ದನ್ನು ಆಮೇಲೆ ಒಳಗೆ ಸೇರಿಸುವವರು ಯಾರು, ಯಾವ ಹೊತ್ತಿನ ಹೆಸರಲ್ಲಿ ಸೇರಿಸುತ್ತಾರೆ ಎಂಬುದನ್ನೂ ಅವತ್ತೇ ಆಡಿ ನೋಡಿ. ತೊಡಕು ಬರುವುದು ಅಲ್ಲೇ.

ಆರು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಹ್ಯಾಚ್ ಪಕ್ಕ ಹೋಗಿ ಕ್ಲರ್ಕಿನ ಜೇಬು ನೋಡಿ. ನಮ್ಮ ಹಿರಿಯನ ಜೇಬಿನಲ್ಲಿ ಇನ್ನೂ ಒಂದು ಸಣ್ಣ ಪುಸ್ತಕ ಇತ್ತು. ಕೇಳಿದಾಗ ಸಂಕೋಚದಿಂದ ತೆಗೆದು ತೋರಿಸಿದ. ಹೋಲ್ಡ್‌ನಲ್ಲಿ ಮುಂದೆ ಯಾವ ಸಾಲು ತೆಗೆಯಬೇಕು, ಯಾವ ಕಾಯಿಲ್ ಕೆಳಗೆ ಮರದ ದಿಂಬು ಸಡಿಲವಾಗಿದೆ ಅಂತ ಮುಂದಿನ ಪಾಳಿಯವನಿಗೆ ಹೇಳಲು ಆತ ಬರೆದುಕೊಳ್ಳುತ್ತಿದ್ದ. ಪಾಳಿ ಬದಲಾಗುವಾಗ ಮೊದಲು ಕಾಣುವ ಪುಟದಲ್ಲಿ ಅದಕ್ಕೆ ಜಾಗ ಮಾಡಿಸಿದೆವು. ಈಗ ಆ ಪುಸ್ತಕದಲ್ಲಿ ಆತ ಯಾರ್‍ಯಾರಿಗೆ ಎಷ್ಟು ಕೈಸಾಲ ಕೊಟ್ಟಿದ್ದಾನೆ ಅನ್ನೋದು ಮಾತ್ರ ಇದೆಯಂತೆ.