ಆಸ್ಪತ್ರೆ ಊಟ: ತಟ್ಟೇಲಿ ಬಂದಿದ್ದು ಹೊಟ್ಟೆಗೆ ಹೋಯ್ತಾ ಅಂತ ನೋಡೋದು ಹೇಗೆ

ಪೇಷೆಂಟ್ ಪಕ್ಕ ಕೂತಿರೋರನ್ನ ಬಿಪಿ ಎಷ್ಟು, ಶುಗರ್ ಎಷ್ಟು, ರಾತ್ರಿ ಜ್ವರ ಎಷ್ಟಿತ್ತು ಅಂತ ಕೇಳಿ, ತಟ್ಟಂತ ಹೇಳ್ತಾರೆ. ನಿನ್ನೆ ಮಧ್ಯಾಹ್ನ ಎಷ್ಟು ತಿಂದ್ರು ಅಂತ ಕೇಳಿದ್ರೆ ಮಾತ್ರ "ಊಟ ಬಂತಲ್ಲ, ತಿಂದ್ರು" ಅಷ್ಟೇ. ಅಪ್ಪನ ಜೊತೆ ನಾನು 11 ದಿನ ವಾರ್ಡಲ್ಲಿದ್ದೆ, ಸುತ್ತ ಇದ್ದ ಬೆಡ್ಡುಗಳಲ್ಲೆಲ್ಲ ಇದೇ ಕಥೆ, ಮೊದಲ 4 ದಿನ ನಮ್ಮ ಬೆಡ್ಡಲ್ಲೂ. ಆಸ್ಪತ್ರೆ ಊಟದಲ್ಲಿ ಸತ್ವ ಇಲ್ಲ ಅಂತ ಬೈತೀವಿ, ಎಷ್ಟೋ ಕಡೆ ಅದು ನಿಜಾನೂ ಹೌದು, ಆದ್ರೆ ಡಯಟಿಷಿಯನ್ ಎಷ್ಟೇ ಲೆಕ್ಕ ಹಾಕಿ ಕಳಿಸಿದ್ರೂ ತಟ್ಟೇಲಿ ಉಳಿದು ವಾಪಸ್ ಹೋದ ಊಟದಿಂದ ಯಾರಿಗೂ ಶಕ್ತಿ ಬರಲ್ಲ. ಅದನ್ನ ನೋಡೋಕೆ ಆಗೋದು ಪಕ್ಕದಲ್ಲಿ ಕೂತಿರೋರಿಗೇ.

ಮೊದಲು ತೂಕ. ಅಡ್ಮಿಟ್ ಆದ ದಿನಾನೇ ತೂಗಿಸಿ ಬರೆದಿಟ್ಕೊಳ್ಳಿ, ನಿಲ್ಲೋಕಾಗಲ್ಲ ಅಂದ್ರೆ ಕಡೇ ಸಲ ತೂಗಿಸಿದ್ದು ಎಷ್ಟು ಅಂತಾದ್ರೂ ನೆನಪು ಮಾಡ್ಕೊಳ್ಳಿ, ಉಂಗುರ ಸಡಿಲ ಆಗಿದೆಯಾ, ಬೆಲ್ಟು ಎಷ್ಟನೇ ತೂತಿಗೆ ಬಂದಿದೆ, ಹಲ್ಲುಸೆಟ್ ಅಲ್ಲಾಡ್ತಿದೆಯಾ ನೋಡಿ. ಕಳೆದ 3ರಿಂದ 6 ತಿಂಗಳಲ್ಲಿ ಬೇಕಂತ ಇಳಿಸದೇನೇ ತೂಕ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದಿದ್ರೆ, ಅಂದ್ರೆ 60 ಕೆಜಿ ಇದ್ದೋರು 3 ಕೆಜಿಗಿಂತ ಹೆಚ್ಚು ಕಳ್ಕೊಂಡಿದ್ರೆ, ಡಾಕ್ಟರಿಗೆ ಅವತ್ತೇ ಹೇಳಿ.

ಆಮೇಲೆ ಎಷ್ಟು ಬೇಕು ಅನ್ನೋದು. ಕಾಯಿಲೆ ಬಿದ್ದ ದೊಡ್ಡೋರಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಅಂತ ಲೆಕ್ಕ. 60 ಕೆಜಿಯವರಿಗೆ 1500ರಿಂದ 1800 ಕ್ಯಾಲರಿ, ಪ್ರೋಟೀನ್ 72ರಿಂದ 90 ಗ್ರಾಂ. ಒಂದು ಮೊಟ್ಟೆಲಿ ಸಿಗೋದು ಸುಮಾರು 6 ಗ್ರಾಂ, ಒಂದು ಲೋಟ ಹಾಲಲ್ಲೂ ಹೆಚ್ಚುಕಮ್ಮಿ ಅಷ್ಟೇ, ಅಂದ್ಮೇಲೆ 72 ಮುಟ್ಟೋದು ಎಷ್ಟು ಕಷ್ಟ ಅಂತ ನೀವೇ ಲೆಕ್ಕ ಹಾಕಿ. ಕಿಡ್ನಿ ತೊಂದರೆ ಇದ್ರೆ ಈ ಲೆಕ್ಕ ಬೇರೆ, ಡಯಾಲಿಸಿಸ್ ಶುರುವಾಗಿದ್ರೆ ಮತ್ತೂ ಬೇರೆ, ಅವರು ಡಯಟಿಷಿಯನ್ ಹೇಳಿದ್ದನ್ನೇ ಕೇಳ್ಬೇಕು.

ಈಗ ಎಲ್ಲರೂ ಎಡವೋ ಜಾಗಕ್ಕೆ ಬಂದ್ವಿ, ತಿಂದಿದ್ದನ್ನ ಅಳೆಯೋದು. ಐದನೇ ದಿನ ಅಪ್ಪನ ಟ್ರೇ ವಾಪಸ್ ಹೋಗೋ ಮುಂಚೆ ಮೊದಲ ಸಲ ಸರಿಯಾಗಿ ನೋಡ್ದೆ. ಅರ್ಧ ಖಾಲಿ ಆಗಿತ್ತು, ಪರವಾಗಿಲ್ಲ ಅನ್ಸೋ ಹಾಗೆ. ಆದ್ರೆ ಖಾಲಿ ಆಗಿದ್ದು ತೆಳ್ಳಗಿನ ಸೂಪು, ಅರ್ಧ ಅನ್ನ. ಮೊಟ್ಟೆ ಸಿಪ್ಪೆ ಸಮೇತ ಹಾಗೇ ಕೂತಿತ್ತು, ಮೊಸರಿನ ಕಪ್ಪಿನ ಮೇಲಿನ ಹಾಳೆ ಕಿತ್ತೇ ಇರಲಿಲ್ಲ. ಯಾಕಪ್ಪಾ ಅಂದ್ರೆ "ಹಸಿವಿಲ್ಲ" ಅಂದ್ರು. ಆಮೇಲೆ ಅವರ ಬಲಗೈ ಕಡೆ ನೋಡಿದ್ರೆ ಮಣಿಕಟ್ಟಿನ ಮೇಲೇ ಡ್ರಿಪ್ ಸೂಜಿ, ಅದರ ಸುತ್ತ ದಪ್ಪ ಟೇಪು, ಬೆರಳು ಮಡಚೋಕೇ ಆಗ್ತಿಲ್ಲ. ಎಡಗೈಲಿ ಮೊಟ್ಟೆ ಸಿಪ್ಪೆ ಸುಲಿಯೋದು ಹೇಗೆ? ಕೇಳೋಕೆ ಸಂಕೋಚ, ಅದಕ್ಕೇ ಹಸಿವಿಲ್ಲ ಅಂದಿದ್ರು. ನಾನು ಸುಲಿದು ನಾಲ್ಕು ಚೂರು ಮಾಡಿ ಕೊಟ್ಟೆ, ತಿಂದ್ರು.

ಅದಕ್ಕೇ ಹೇಳೋದು, ಇಡೀ ಟ್ರೇ ನೋಡಿ ಅರ್ಧ ಅಂತ ಬರೀಬೇಡಿ. ಊಟ ಬಂದ ಕೂಡ್ಲೇ ಮೊಬೈಲಲ್ಲಿ ಒಂದು ಫೋಟೋ, ಮುಗಿದ ಮೇಲೆ ಇನ್ನೊಂದು. ಒಂದೊಂದು ಪದಾರ್ಥಕ್ಕೂ ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಏನೂ ಇಲ್ಲ, ಇಷ್ಟರಲ್ಲಿ ಒಂದು ಬರೀರಿ. ಮೊಟ್ಟೆ, ಬೇಳೆ, ಹಾಲು, ಮೊಸರು, ಮಾಂಸ ಯಾವುದಿದ್ರೂ ಅದನ್ನ ಮೇಲ್ಗಡೆ ಬರೀರಿ, ಅನ್ನ ಬ್ರೆಡ್ಡು ಕೆಳಗೆ. ಇನ್ನೊಂದು ವಿಷ್ಯ, ಉಳಿದ ಊಟ ವೇಸ್ಟ್ ಆಗುತ್ತೆ ಅಂತ ಜೊತೆಲಿರೋರು ತಿಂದ್ಬಿಡ್ತಾರೆ, ಟ್ರೇ ಖಾಲಿ ಹೋಗುತ್ತೆ, ಸಿಸ್ಟರ್ ಅದನ್ನ ನೋಡಿ ಚೆನ್ನಾಗಿ ಊಟ ಮಾಡಿದ್ದಾರೆ ಅಂತ ಫೈಲಲ್ಲಿ ಬರೀತಾರೆ. ತಿನ್ನಿ, ಬೇಡ ಅನ್ನಲ್ಲ, ಆದ್ರೆ ಪೇಷೆಂಟ್ ಎಷ್ಟು ತಿಂದ್ರು ಅಂತ ಸಿಸ್ಟರ್‌ಗೆ ಹೇಳಿ ಆಮೇಲೆ ತಿನ್ನಿ.

ಇದು ಅತಿಯಾಯ್ತು ಅನ್ನೋರಿಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ, ಪೌಷ್ಟಿಕತೆ ಕೊರತೆಯ ಅಪಾಯ ಇದ್ದ 2000ಕ್ಕೂ ಹೆಚ್ಚು ಪೇಷೆಂಟ್‌ಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಊಟ, ಇನ್ನೊಂದಕ್ಕೆ ಒಬ್ಬೊಬ್ಬರಿಗೂ ಗುರಿ ಇಟ್ಟು ಅದು ಮುಟ್ಟುತ್ತಾ ಅಂತ ನೋಡ್ಕೊಂಡು ಊಟ ಕೊಟ್ರು. 2019ರಲ್ಲಿ ಫಲಿತಾಂಶ ಬಂತು: 30 ದಿನದೊಳಗೆ ತೀರ್ಕೊಂಡೋರು ಮೊದಲ ಗುಂಪಲ್ಲಿ ನೂರಕ್ಕೆ ಸುಮಾರು 10, ಎರಡನೇದ್ರಲ್ಲಿ ಸುಮಾರು 7. ಊಟಕ್ಕೆ ಗುರಿ ಇಟ್ಟು ನಿಗಾ ಮಾಡಿದ್ದಕ್ಕೆ ಇಷ್ಟು ವ್ಯತ್ಯಾಸ.

ಯಾಕೆ ಉಳೀತು ಅನ್ನೋದನ್ನ ಪ್ರತಿ ಸಲ ಹುಡುಕಿ. ಕನ್ನಡಕ ಬ್ಯಾಗಲ್ಲಿ, ಹಲ್ಲುಸೆಟ್ ಡಬ್ಬೀಲಿ, ಟ್ರೇ ಕೈಗೆ ಎಟುಕದಷ್ಟು ದೂರ, ಊಟದ ಟೈಮಿಗೇ ಎಕ್ಸ್‌ರೇಗೆ ಕರ್ಕೊಂಡು ಹೋದ್ರು, ವಾಪಸ್ ಬರೋಷ್ಟರಲ್ಲಿ ಎಲ್ಲ ತಣ್ಣಗೆ. ಮಲಬದ್ಧತೆ, ವಾಕರಿಕೆ, ಬಾಯಿ ಹುಣ್ಣು ಇದ್ರೆ ಔಷಧಿ ಇದೆ, ಬಾಯಿ ಬಿಟ್ಟು ಕೇಳ್ಬೇಕು. ತಿನ್ನದೇ ಇದ್ದಿದ್ದನ್ನ "ಆಮೇಲೆ ತಿಂತಾರೆ" ಅಂತ ತಲೆ ಹತ್ರ ಇಟ್ಟುಬಿಡೋದು ಬೇಡ, ಹಾಗಿಟ್ರೆ ಅವರು ಏನೂ ತಿನ್ನಲ್ಲ ಅಂತ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ರು, ಇವತ್ತಿಗೂ ಅದೇ ನಡೀತಿದೆ.

"ಗ್ಲೂಕೋಸ್ ಏರ್ತಾ ಇದೆಯಲ್ಲ, ಊಟ ಬಿಟ್ರೂ ನಡೆಯುತ್ತೆ" ಅನ್ನೋ ಮಾತು ಕೇಳಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. 500 ಎಂಎಲ್‌ನ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಬಾಟ್ಲೀಲಿ ಇರೋದು 25 ಗ್ರಾಂ ಸಕ್ಕರೆ, ಅದ್ರಿಂದ ಸಿಗೋದು ಸುಮಾರು 85 ಕ್ಯಾಲರಿ, ಪ್ರೋಟೀನ್ ಸೊನ್ನೆ. ನಾರ್ಮಲ್ ಸಲೈನ್, ಅಂದ್ರೆ ಬರೀ ಉಪ್ಪುನೀರಿನ ಡ್ರಿಪ್ಪಲ್ಲಿ, ಕ್ಯಾಲರೀನೂ ಸೊನ್ನೆ. ಆಪರೇಷನ್ನು, ಟೆಸ್ಟು ಅಂತ ಉಪವಾಸ ಇಟ್ಟಾಗ್ಲೂ ಎಷ್ಟು ಗಂಟೆಯಿಂದ ಅಂತ ಕೇಳಿ ತಿಳ್ಕೊಳ್ಳಿ, ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮುಂಚೆವರೆಗೆ ಹಗುರ ಊಟ, 2 ಗಂಟೆ ಮುಂಚೆವರೆಗೆ ನೀರು ಅಂತ ಇರುತ್ತೆ, ಆದ್ರೆ ನಿಮ್ಮ ಡಾಕ್ಟರ್ ಹೇಳಿದ್ದೇ ಫೈನಲ್. ಟೆಸ್ಟ್ ನಾಳೆಗೆ ಹೋಯ್ತು ಅಂದ್ರೆ "ಹಾಗಾದ್ರೆ ಈಗ ಊಟ ಕೊಡ್ಬಹುದಾ" ಅಂತ ಆ ಕ್ಷಣಾನೇ ಕೇಳಿ, ಇಲ್ಲಾಂದ್ರೆ ಯಾರೂ ಹೇಳಲ್ಲ, ಇಡೀ ದಿನ ಉಪವಾಸ.

ಇನ್ನು ತಿನ್ನಿಸೋ ಕ್ರಮ. ಮೊದಲು ಮೊಟ್ಟೆ ಬೇಳೆ ಮೊಸರು, ಸೂಪು ಕಡೇಲಿ, ಇದರಲ್ಲಿ ರಾಜಿ ಬೇಡ್ವೇ ಬೇಡ. ಸೂಪು ಹೊಟ್ಟೆ ತುಂಬಿಸುತ್ತೆ, ಮೈಗೆ ಏನೂ ಹತ್ತಲ್ಲ. ಮೂರು ಹೊತ್ತು ತುಂಬಾ ಬದಲು ಆರು ಹೊತ್ತು ಸ್ವಲ್ಪಸ್ವಲ್ಪ. ಹಾಲಿಗೇ ಎರಡು ಚಮಚ ಹಾಲಿನಪುಡಿ ಕಲಸಿ ಕೊಟ್ರೆ ಅದೇ ಲೋಟದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತೆ. ನೋಡೋಕೆ ಬರೋರು ತರೋ ಹೆಲ್ತ್ ಡ್ರಿಂಕ್ ಪುಡಿ ಡಬ್ಬ ಹಿಂದೆ ತಿರುಗಿಸಿ ಓದಿ, ಎಷ್ಟೋ ಡಬ್ಬಗಳಲ್ಲಿ ಸಕ್ಕರೆ ಮೊದಲ ಎರಡು ಮೂರು ಹೆಸರಲ್ಲೇ ಇರುತ್ತೆ, ಅಂಥದ್ದನ್ನ ನಾನು ತಗೊಳ್ಳಲ್ಲ. ಪ್ಯಾಕೆಟ್ ಜ್ಯೂಸೂ ಅಷ್ಟೇ. ಡಯಟಿಷಿಯನ್ ಬರೆದ ಪ್ರೋಟೀನ್ ಡ್ರಿಂಕ್ ಇದ್ರೆ ಎರಡು ಊಟದ ಮಧ್ಯೆ ಕೊಡಿ, ಊಟದ ಬದಲಿಗಲ್ಲ.

ಎರಡು ಕಡೆ ಆತುರ ಬೇಡ. ನುಂಗುವಾಗ ಕೆಮ್ಮು ಬಂದ್ರೆ, ನೀರು ಕುಡಿದ ಮೇಲೆ ಧ್ವನಿ ಗೊರಗೊರ ಅಂದ್ರೆ ಅಲ್ಲಿಗೇ ನಿಲ್ಲಿಸಿ ಸಿಸ್ಟರ್‌ನ ಕರೀರಿ, ಊಟ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಆಗ್ಬಹುದು. ಮಲಗಿಸಿಕೊಂಡು ತಿನ್ನಿಸೋದಂತೂ ಬೇಡ, ನೆಟ್ಟಗೆ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಕೂತಿರ್ಲಿ. ಹಾಗೇ 5 ದಿನಕ್ಕಿಂತ ಜಾಸ್ತಿ ಏನೂ ತಿಂದೇ ಇಲ್ಲದೋರಿಗೆ ಒಂದೇ ಸಲ ಹೊಟ್ಟೆ ತುಂಬಾ ಕೊಡ್ಬೇಡಿ, ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಹೃದಯಕ್ಕೇ ತೊಂದರೆ ಆಗ್ಬಹುದು. ಅಂಥೋರಿಗೆ ರಕ್ತ ಪರೀಕ್ಷೆ ಮಾಡ್ತಾ ಕಮ್ಮಿಯಿಂದ ಶುರು ಮಾಡ್ತಾರೆ, ಅದನ್ನ ಡಾಕ್ಟರೇ ನೋಡ್ಕೊಳ್ಳಲಿ.

ಮನೆ ಊಟ ತರೋದಾದ್ರೆ ಡಾಕ್ಟರ್‌ನೋ ಡಯಟಿಷಿಯನ್‌ನೋ ಕೇಳಿ ತನ್ನಿ.

ಡಿಸ್ಚಾರ್ಜ್ ದಿನ ಬಿಲ್ಲು, ಮಾತ್ರೆ ಚೀಟಿ ಗಡಿಬಿಡೀಲಿ ಮರೀಬೇಡಿ, ಮತ್ತೆ ತೂಗಿಸಿ, ಡಿಸ್ಚಾರ್ಜ್ ಸಮ್ಮರಿಲಿ ಬರೆಸಿ. ಮನೇಲಿ ವಾರಕ್ಕೊಂದು ಸಲ, ಅದೇ ಮಷಿನ್, ಬೆಳಿಗ್ಗೆ ತಿಂಡಿಗೆ ಮುಂಚೆ. ಕಾಲಲ್ಲಿ ನೀರು ತುಂಬಿ ಊದಿದ್ರೆ ಮಷಿನ್ ಹೇಳೋ ತೂಕ ನಂಬೋ ಹಾಗಿಲ್ಲ, ಆಗ ತೋಳು, ತೊಡೆ ಸೊರಗಿದೆಯಾ ಅಂತ ನೋಡಿ ಹೇಳ್ಬೇಕು.