ಎರೆ ನೆಲದಲ್ಲಿ ಸ್ಥಳೀಯ ಸಸ್ಯಗಳ ತೋಟ: ಬೀಜದಿಂದ ಸಸಿಯವರೆಗೆ

ಕೇಪ್‌ಟೌನ್ ನಗರದ ಕರ್ಸ್ಟನ್‌ಬಾಶ್ ಸಸ್ಯೋದ್ಯಾನವು 1913ರಲ್ಲಿ ಸ್ಥಾಪನೆಯಾದಂದಿನಿಂದ ತನ್ನ ನಾಡಿನ ಸಸ್ಯಗಳನ್ನು ಬೆಳೆಸಿ ಉಳಿಸುವುದಕ್ಕೇ ಮೀಸಲಾಗಿದೆ. ಅಲ್ಲಿನದು ಮೆಡಿಟರೇನಿಯನ್ ಬಗೆಯ ಹವಾಗುಣ. ಮಳೆ ಚಳಿಗಾಲದಲ್ಲಿ ಬರುತ್ತದೆ, ಬೇಸಿಗೆ ಒಣಗಿರುತ್ತದೆ. ವಿಜಯಪುರದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುವ ಮಳೆಯೇ ವರ್ಷದ ಆಧಾರವಾದ್ದರಿಂದ, ನಾವು ಅಲ್ಲಿನ ಗಿಡಗಳನ್ನಲ್ಲ, ಊರಿನ ಬೀಜವನ್ನು ಊರಿನ ಋತುವಿಗೆ ತಕ್ಕಂತೆ ಬಿತ್ತುವ ಕ್ರಮವನ್ನು ಕಲಿಯಬೇಕು.

ಬನ್ನಿ, ಕರಿಜಾಲಿ, ಕಮರ, ಬಂದರಿಕೆ, ಬೇವು ಇವಿಷ್ಟರಿಂದ ಆರಂಭಿಸಬಹುದು. (ಬಂದರಿಕೆ ಕೇಪ್ ಪ್ರಾಂತದಲ್ಲಿಯೂ ಸಹಜವಾಗಿ ಬೆಳೆಯುತ್ತದೆ.) ಒಂದೇ ಮರದಿಂದ ಬೀಜವನ್ನೆಲ್ಲ ತರದೆ, ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ಆಯ್ದು, ಯಾವ ಹಳ್ಳಿಯ ಯಾವ ಬದುವಿನದು, ಯಾವ ದಿನ ಆಯ್ದದ್ದು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಈ ಚೀಟಿ ಇಲ್ಲದಿದ್ದರೆ ಅದು ಸಂರಕ್ಷಣೆಯಾಗದೆ ಬರಿಯ ತೋಟಗಾರಿಕೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬನ್ನಿ ಎಂದು ಬಳ್ಳಾರಿ ಜಾಲಿಯನ್ನು ಬೆಳೆಸುವ ತಪ್ಪು ಸುಲಭವಾಗಿ ಆಗುತ್ತದೆ. ಅಮೆರಿಕ ಖಂಡದಿಂದ ಬಂದ ಈ ಜಾಲಿಯಲ್ಲಿ ಮುಳ್ಳುಗಳು ಎಲೆಯ ಬುಡದಲ್ಲಿ ಜೋಡಿಯಾಗಿ ಮೂಡುತ್ತವೆ. ಬನ್ನಿಯಲ್ಲಿ ಗೆಣ್ಣುಗಳ ನಡುವೆ ಅಲ್ಲಲ್ಲಿ ಹರಡಿರುತ್ತವೆ. ಬೀಜ ಆಯುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಕೇಪ್ ಪ್ರಾಂತದ ಕುರುಚಲು ಕಾಡಿನ ಅನೇಕ ಬೀಜಗಳಿಗೆ ಕಾಳ್ಗಿಚ್ಚಿನ ಹೊಗೆ ತಾಗಿದರೆ ಮೊಳಕೆ ಬರುತ್ತದೆ. ಬನ್ನಿ, ಕರಿಜಾಲಿ, ಬಂದರಿಕೆಗಳ ಬೀಜಕ್ಕೆ ಅಡ್ಡಿಯಾಗಿರುವುದು ಗಟ್ಟಿ ಸಿಪ್ಪೆ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಕೊಂಚ ಆರಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದವನ್ನು ಮತ್ತೊಮ್ಮೆ ಹಾಗೆಯೇ ನೆನೆಸಬೇಕು. ಬೇವಿನ ಬೀಜಕ್ಕೆ ಈ ಉಪಚಾರ ಬೇಡ. ಅದರ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುವುದರಿಂದ ಹಣ್ಣಾದೊಡನೆ ತಿರುಳು ತೆಗೆದು ಬಿತ್ತಬೇಕು.

ಎರೆ ಮಣ್ಣು ಮಳೆಯಲ್ಲಿ ನೀರು ಹಿಡಿದು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ನಾನು ಮೊದಲ ವರ್ಷ ಪ್ರೀತಿಯಿಂದ ದಿನವೂ ನೀರುಣಿಸಿದ ಬನ್ನಿ ಸಸಿಗಳು ಕೊಳೆತೇ ಹೋದವು. ಆದ್ದರಿಂದ ಚೀಲಕ್ಕೆ ಗರಸು ಬೆರೆಸಿದ ಮಣ್ಣನ್ನು ತುಂಬಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ಕಮರದ ತಾಯಿಬೇರು ಬಹಳ ಬೇಗ ಆಳಕ್ಕಿಳಿಯುತ್ತದೆ. ಅದನ್ನು ನೆಡುವ ಜಾಗದಲ್ಲಿಯೇ ಬಿತ್ತುವುದು ಲೇಸು.

ಮಾರ್ಚ್‌ನಲ್ಲಿ ಚೀಲದಲ್ಲಿ ಬೆಳೆಸಿದ ಸಸಿಗಳನ್ನು ಮೃಗಶಿರಾ ಮಳೆಯಾಗಿ ನೆಲ ಹದಕ್ಕೆ ಬಂದಮೇಲೆ, ನೀರು ನಿಲ್ಲದ ಏರುಜಾಗದಲ್ಲಿ ನೆಡಬೇಕು. ಮೊದಲ ಎರಡು ಬೇಸಿಗೆ ಬುಡಕ್ಕೆ ಜೋಳದ ಕಣಿಕೆ ಹೊದಿಸಿ, ಹತ್ತು–ಹದಿನೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರುಣಿಸಿದರೆ ಸಾಕು.